ಮೊಣಕಾಲಿನ ಅಳತೆ

"ಕೊಯ್ದು ಬಿಸಾಕೋದೇ ಸರಿ," ಎಂದು ಪ್ಲಂಬರ್ ಚೀಲದಿಂದ ಗರಗಸ ತೆಗೆದ.

"ಅದಕ್ಕೆ ಗರಗಸ ತಾಗಿಸು ನೋಡೋಣ!" ನೆಲ ಒರೆಸುವ ಕೋಲನ್ನು ಅಜ್ಜಿ ಈಟಿಯಂತೆ ಅಡ್ಡ ಹಿಡಿದಳು.

ಒಗೆಯುವ ಕೋಣೆಯಲ್ಲಿ ಆಗಷ್ಟೇ ಪ್ರಳಯವಾಗಿತ್ತು. ವಾಷಿಂಗ್ ಮೆಷಿನ್ ನೀರು ಬಿಟ್ಟಾಗಲೆಲ್ಲ ಮೂಲೆಯ ಮೋಟು ಪೈಪು ಕುಡಿಯಲಾರದೆ ಕಕ್ಕಿಬಿಡುತ್ತಿತ್ತು. ಚಪ್ಪಲಿಗಳು ಅಡುಗೆಮನೆಯವರೆಗೆ ತೇಲಿಹೋಗಿ ಸುತ್ತಾಡಿಕೊಂಡು ಬರುತ್ತಿದ್ದವು. ಕೆಳಗಿನ ಮನೆಯ ಮೇಷ್ಟ್ರು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, "ಅಮ್ಮಾ, ಮನೆಯೊಳಗೆ ಕೊಡೆ ಹಿಡ್ಕೊಂಡು ಊಟ ಮಾಡ್ತಿದೀನಿ. ಇನ್ನೊಂದು ಹನಿ ಬಿದ್ರೆ ಆ ಪೈಪು ನಾನೇ ಕಿತ್ತು ಹಾಕ್ತೀನಿ," ಎಂದು ಹೇಳಿ ಹೋಗಿದ್ದರು.

"ಸೊಂಟದ ಎತ್ತರಕ್ಕಿರ್ಬೇಕು ಅಜ್ಜಿ. ಇದು ಮೊಣಕಾಲಿಗೇ ಸುಸ್ತಾಗಿ ನಿಂತಿದೆ. ಯಾವ ಪುಣ್ಯಾತ್ಮ ಹಾಕಿದ್ದು?" ಪ್ಲಂಬರ್ ಕೇಳಿದ.

"ನಮ್ಮನೆಯೋರು."

"ಪ್ಲಂಬರ್ರಾ?"

"ದರ್ಜಿ."

ಅವನು ನಕ್ಕ. ಅಜ್ಜಿಗೂ ನಗು ಬಂತು, ಕೋಲು ಮಾತ್ರ ಇಳಿಯಲಿಲ್ಲ.

ವಾಷಿಂಗ್ ಮೆಷಿನ್ ಮನೆಗೆ ಬಂದ ದಿನ ಅಂಗಡಿಯವರು ಪೈಪಿಗೆ ನಾಳೆ ಜನ ಕಳಿಸುತ್ತೇವೆ ಎಂದರೆ ದರ್ಜಿ ಕೇಳಬೇಕಲ್ಲ! "ಏಣಿ ಹತ್ತಿ ಸೊಂಟದ ಅಳತೆ ತಗೊಂಡು, ತೆಂಗಿನ ಮರದಂಥ ಗಿರಾಕಿಗಳಿಗೆ ಪ್ಯಾಂಟು ಹೊಲಿದವನು ನಾನು. ಪೈಪು ಅಂದ್ರೆ ಒಂದೇ ಕಾಲಿನ ಪ್ಯಾಂಟು ಕಣೇ!" ಎಂದು ಹೆಂಡತಿಯನ್ನು ಗೋಡೆಗೆ ನಿಲ್ಲಿಸಿದ್ದ. ಅಷ್ಟು ವರ್ಷ ಅವಳಿಗೆ ಬಟ್ಟೆ ಹೊಲಿಯುವಾಗ ಒಮ್ಮೆಯೂ ಟೇಪು ಹಿಡಿದವನಲ್ಲ. "ನಿನ್ನ ಅಳತೆ ಕಣ್ಣಲ್ಲೇ ಇದೆ," ಎನ್ನುತ್ತಿದ್ದ. ಅವತ್ತು ಕೊರಳಿನ ಟೇಪು ತೆಗೆದು, ನೆಲಕ್ಕೆ ಕೂತು, ಅವಳ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದ. "ಇಷ್ಟು ಸಾಕು. ಉದ್ದ ಆದ್ರೆ ಎಡವ್ತಿ." ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಮೊದಲ ದಿನವೇ ನೀರು ಚಿಮ್ಮಿ ಅವನ ಮೀಸೆಯಿಂದ ತೊಟ್ಟಿಕ್ಕಿತು. ತಪ್ಪು ಒಪ್ಪುವ ಪೈಕಿಯೇ ಅಲ್ಲ. "ನೀರಿಗೆ ಶಿಸ್ತಿಲ್ಲ," ಎಂದ. ಆಮೇಲೆ ಒಗೆಯುವ ದಿನವೆಲ್ಲ ಅವನು ಬಕೆಟ್ಟು, ಅವಳು ಕೋಲು ಹಿಡಿದು ಕಾವಲು ನಿಲ್ಲುವುದು, ನಗುವುದು. ಈಗ ನಾಲ್ಕು ವರ್ಷದಿಂದ ಅವಳೊಬ್ಬಳೇ.

ಪ್ಲಂಬರ್ ಗರಗಸ ಕೆಳಗಿಟ್ಟು ಪೈಪಿನೊಳಗೆ ತಂತಿ ಬಿಟ್ಟ. ನೂಲಿನ ಉಂಡೆ ಬಂತು, ಇಲಿಯಷ್ಟು ದಪ್ಪ. ಅದರೊಳಗೆ ಐದು ಗುಂಡಿ, ಒಂದು ಕೊಕ್ಕೆ.

"ಇದೇನಜ್ಜಿ, ಒಳಗೆ ಅಂಗಡಿ ಇಟ್ಟಿದ್ರಾ?"

"ಜೇಬು ಖಾಲಿ ಮಾಡಿ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ!" ಅಜ್ಜಿ ಗುಂಡಿಗಳನ್ನು ಸೆರಗಿನಲ್ಲಿ ಒರೆಸಿದಳು.

ಅವನು ಪೈಪಿನ ಬಾಯಿ ಸವರುತ್ತ ಕೂತ. "ಅಲ್ಲ ಅಜ್ಜಿ, ಪ್ಯಾಂಟು ಗಿಡ್ಡ ಆದ್ರೆ ಅಜ್ಜ ಏನ್ ಮಾಡ್ತಿದ್ರು?"

"ತುಂಡು ಕೊಟ್ಟು ಉದ್ದ ಮಾಡ್ತಿದ್ರು."

"ಇದಕ್ಕೂ ಕೊಡೋಣ. ಹಳೇದು ಹಾಗೇ ಇರ್ಲಿ. ಮೇಲೊಂದು ಜೋಡಿಸ್ತೀನಿ."

ಕೋಲು ಕೆಳಗಿಳಿಯಿತು.

ಅವನ ಅಳತೆ ಟೇಪು ಸ್ಕೂಟರಿನಲ್ಲೇ ಉಳಿದಿತ್ತು. ಅಜ್ಜಿ ಹೊಲಿಗೆ ಮೆಷಿನ್ನಿನ ಖಾನೆಯಿಂದ ಗಂಡನ ಬಟ್ಟೆ ಅಳೆಯುವ ಟೇಪು ತಂದಳು.

"ನೀವೇ ನಿಲ್ಲಿ. ಮೆಷಿನ್ನಿನ ಹೋಸು ಇದಕ್ಕೆ ಸಿಗಿಸೋರು ನೀವಲ್ವಾ? ನಿಮ್ಮ ಸೊಂಟದ ಎತ್ತರಕ್ಕೇ ಹಾಕ್ತೀನಿ."

ಅಜ್ಜಿ ಅದೇ ಗೋಡೆಗೆ ಒರಗಿದಳು. ಬಗ್ಗಿ ನೋಡಿದರೆ ಹಳೆಯ ಪೈಪಿನ ಬಾಯಿ, ವಯಸ್ಸಿಗೆ ಬಾಗಿದ ಅವಳ ಮೊಣಕಾಲಿಗಿಂತ ಎರಡು ಬೆರಳು ಮೇಲಿತ್ತು.

"ಅಯ್ಯೋ, ಪೈಪು ಬೆಳೆದುಬಿಟ್ಟಿದೆ ಮಗಾ!"

"ಅಲ್ಲಾಡ್ಬೇಡಿ ಅಜ್ಜಿ."

ಅವಳು ಉಸಿರು ಬಿಗಿಹಿಡಿದಳು.

ಅಂಟು ಒಣಗಿದ ಮೇಲೆ ಮೆಷಿನ್ ತಿರುಗಿತು, ಗುಡುಗಿತು, ನೀರು ಬಿಟ್ಟಿತು. ಪೈಪು ಗಟಗಟ ಕುಡಿಯಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಪ್ಲಂಬರ್ ಮೆಟ್ಟಿಲಿಳಿದು ಹೋದ ಮೇಲೂ ಅಜ್ಜಿ ಕೋಲು ಹಿಡಿದು ಒಣ ನೆಲ ನೋಡುತ್ತ ನಿಂತಿದ್ದಳು. ಆಮೇಲೆ ಕೋಲನ್ನು ಮೂಲೆಗಿಟ್ಟಳು. ಟೇಪನ್ನು ಖಾನೆಯಲ್ಲಿಡಲು ಸುತ್ತುತ್ತ ಹೋದವಳು ಬಾಗಿಲಲ್ಲಿ ನಿಂತು, ವಾಪಸು ಬಂದು, ಅದನ್ನು ಬಿಡಿಸಿ ಪೈಪಿನ ಕೊರಳಿಗೆ ಹಾಕಿದಳು, ಎರಡೂ ತುದಿ ಸಮ ಮಾಡಿ.