ಎಲಿಹಿಯೊ ಆಡದ ಎಸೆತ

ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ಯಾರಿಗೂ ಬಗ್ಗಿಸದೆ ಮತ್ತೆ ಒಲೆಯ ಮೇಲೇ ಇಟ್ಟು, ಒಟಿಲಿಯಾ ನಾಲ್ಕನೆಯ ಸಲ ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಗಂಡ ಎಲಿಹಿಯೊನ ಶವಪೆಟ್ಟಿಗೆ, ಸುತ್ತ ಜಪಮಾಲೆ ಹಿಡಿದ ಹೆಂಗಸರು. ಹೊರಗೆ ಮಾವಿನ ಮರದಡಿ ಗಂಡಸರು. ಬೆಳಗಿನಿಂದ ಅವರ ಬಾಯಲ್ಲಿ ಎಲಿಹಿಯೊ ಬೇಸ್‌ಬಾಲಿನಲ್ಲಿ ಬೇಲಿಯಾಚೆ ಹೊಡೆದ ಮುನ್ನೂರ ಹನ್ನೆರಡು ಹೋಂ ರನ್‌ಗಳೇ.

"ರೈಲು ಹಳಿ ದಾಟಿದ್ದು ಎಷ್ಟನೇದು ಹೇಳು?"

"ನೂರಾ ನಾಲ್ಕು. ಕಬ್ಬಿನ ಗಾಡಿಯೊಳಗೇ ಬಿತ್ತು. ಕಾರ್ಖಾನೇಲಿ ಅರೆದು ಸಕ್ಕರೆ ಮಾಡಿಬಿಟ್ರು."

"ನೀನಾಗ ತೊಟ್ಟಿಲಲ್ಲಿದ್ದೆ, ಸುಮ್ಮನಿರು."

ನಗು ಅರ್ಧಕ್ಕೇ ನಿಂತಿತು. ಮಂಜುಗಡ್ಡೆ ಮಾರುವ ನೆರೆಯೊ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದ.

"ಬೆನ್ನು ಬಂದ ನೋಡ್ರೋ" ಎಂದರು ಯಾರೋ.

ಮೈದುನ ಕ್ರಿಸ್ಪಿನ್ ಗೇಟಿನ ಬಳಿ ಅವನೊಡನೆ ಮಾತಾಡಿ ಒಟಿಲಿಯಾಳ ಹತ್ತಿರ ಬಂದ. "ಅತ್ತಿಗೆ, ನೆರೆಯೊ ಚೆಂಡೆಸೆಯೋಕೆ ಒಲ್ಲೆ ಅಂತಾನೆ. ನಾಲ್ಕಕ್ಕೆ ಪೆಟ್ಟಿಗೆ ಎತ್ತಬೇಕು. ಏನು ಮಾಡಲಿ?"

ಈ ಕಾರ್ಖಾನೆ ಊರಿನಲ್ಲಿ ಬೇಸ್‌ಬಾಲ್ ಆಟಗಾರನ ಪೆಟ್ಟಿಗೆ ನೇರ ಸ್ಮಶಾನಕ್ಕೆ ಹೋಗುವುದಿಲ್ಲ. ಮೊದಲು ಮೈದಾನಕ್ಕೆ ಒಯ್ದು, ಬ್ಯಾಟು ಹಿಡಿದು ನಿಲ್ಲುವ ಜಾಗದಲ್ಲಿ ಇಳಿಸುತ್ತಾರೆ. ಕೊನೆಯ ಆಟದಲ್ಲಿ ಅವನಿಗೆ ಚೆಂಡೆಸೆದ ಪಿಚರ್ ಮತ್ತೊಂದು ಚೆಂಡನ್ನು ಮೆಲ್ಲಗೆ ಎಸೆಯುತ್ತಾನೆ. ಅದು ಪೆಟ್ಟಿಗೆಯ ಮರಕ್ಕೆ ತಾಗಿ ಪುಟಿದರೆ ಊರೆಲ್ಲ ಕೂಗುತ್ತದೆ. ಬೇರೆ ಕೈ ಎಸೆದರೆ ಲೆಕ್ಕಕ್ಕಿಲ್ಲ.

"ನಾನೇ ಮಾತಾಡ್ತೀನಿ" ಎಂದಳು ಒಟಿಲಿಯಾ. ಆದರೆ ಹೋಗಲಿಲ್ಲ. ಒಳಗೆ ಹೋಗಿ ಮೇಣದ ಬತ್ತಿಗಳನ್ನು ಸರಿಸಿದಳು, ಮತ್ತೆ ಹಳೆಯ ಜಾಗಕ್ಕೇ ಇಟ್ಟಳು.

*

ಇಪ್ಪತ್ತೆಂಟು ವರ್ಷದ ಹಿಂದೆ ರಾಜಧಾನಿಯ ವೈದ್ಯನೊಬ್ಬ ಕಾಗದದಲ್ಲಿ ವೃತ್ತ ಬರೆದು, ಅದರ ನಡುವೆ ಪೆನ್ಸಿಲಿನಿಂದ ತಿಕ್ಕಿ ಕಪ್ಪಾಗಿಸಿ ತೋರಿಸಿದ್ದ. ಸಕ್ಕರೆ ಕಾಯಿಲೆ ಎಲಿಹಿಯೊನ ಎರಡೂ ಕಣ್ಣುಗಳ ನೋಟದ ನಟ್ಟನಡುವೆ ಕಲೆ ಮಾಡಿತ್ತು. ನೇರ ನೋಡಿದ್ದು ಮಸುಕು. ಪಕ್ಕದ್ದು ಮಾತ್ರ ಕಾಣುತ್ತಿತ್ತು.

"ಯಾರಿಗೂ ಹೇಳಬೇಡ" ಎಂದಿದ್ದ ಹೆಂಡತಿಗೆ. "ನಾನು ಸತ್ತ ಮೇಲೂ ಬೇಡ. ಚಪ್ಪಾಳೆ ತಟ್ಟಿದೋರ ಬಾಯಲ್ಲಿ ಅಯ್ಯೋ ಪಾಪ ಅನ್ನಿಸ್ಕೊಳ್ಳಲಾರೆ."

ಆ ಜನವರಿಯ ಭಾನುವಾರ ಅವನ ಎದುರಿಗಿದ್ದವನು ಇಪ್ಪತ್ತಮೂರರ ನೆರೆಯೊ. ಎರಡು ಚೆಂಡುಗಳು ಬ್ಯಾಟು ಅಲುಗುವ ಮೊದಲೇ ದಾಟಿಹೋದವು. ಮೂರು ತಪ್ಪಿದರೆ ಔಟ್; ಇನ್ನೊಂದು ಉಳಿದಿತ್ತು. ಎಲಿಹಿಯೊ ಬ್ಯಾಟನ್ನು ನೆಲದ ಮೇಲಿಟ್ಟು, ಎಸೆಯಲು ಕೈ ಎತ್ತಿದ್ದ ನೆರೆಯೊಗೆ ಬೆನ್ನು ಹಾಕಿ ನಡೆದುಬಿಟ್ಟ. ಮತ್ತೆಂದೂ ಆಡಲಿಲ್ಲ.

ಮೂರನೆಯ ಎಸೆತಕ್ಕೂ ಲಾಯಕ್ಕಿಲ್ಲದ ಪಿಚರ್ ಎಂದಿತು ಊರು. ನೆರೆಯೊಗೆ 'ಬೆನ್ನು' ಎಂಬ ಹೆಸರು ಬಿತ್ತು. ಮರುವರ್ಷ ಯಾವ ತಂಡವೂ ಕರೆಯಲಿಲ್ಲ. ಎಲಿಹಿಯೊ ಮಾತ್ರ ಜಗಲಿಯ ತೂಗುಕುರ್ಚಿಯಲ್ಲಿ ಕುಳಿತು ಮುದುಕನಾದ. ಮುಖ ಕಾಣದೆ, ದಾರಿಹೋಕರು ಕೈಬೀಸಿದರೂ ಸುಮ್ಮನಿರುತ್ತಿದ್ದ. ಅದನ್ನೂ ಜನ ಗತ್ತು ಎಂದುಕೊಂಡು ಮೆಚ್ಚಿದರು.

*

"ಒಂದು ಎಸೆತ, ನೆರೆಯೊ" ಎಂದಳು ಒಟಿಲಿಯಾ, ಕೊನೆಗೂ ಗೇಟಿನ ಬಳಿ ಬಂದು.

"ಬದುಕಿದ್ದಾಗ ಬೇಡ ಅಂದೋರಿಗೆ ಈಗ್ಯಾಕೆ ಅಕ್ಕಾ? ಮುಖ ನೋಡಿ ಹೋಗೋಣ ಅಂತ ಬಂದೆ, ಅಷ್ಟೆ." ಅವನು ಅಂಗಿಯ ತೋಳು ಎಳೆದುಕೊಂಡ. "ಮಂಜುಗಡ್ಡೆಗೆ ಬಂದೋರೂ 'ಬೆನ್ನು, ಎರಡು ಕೊಡು' ಅಂತಾರೆ. ಸಿಟ್ಟು ಬಂದಾಗ ನನ್ನ ಹೆಂಡತೀನೂ ಹಾಗೇ ಕರೀತಾಳೆ."

ಒಟಿಲಿಯಾ ಒಮ್ಮೆ ಬಾಗಿಲಿನತ್ತ ನೋಡಿದಳು, ಒಳಗಿರುವವನಿಗೆ ಕೇಳಿಸೀತೇನೋ ಎಂಬಂತೆ.

"ಅವರಿಗೆ ಚೆಂಡು ಕಾಣಿಸ್ತಿರಲಿಲ್ಲ."

ನೆರೆಯೊ ನಕ್ಕ. "ಮುನ್ನೂರ ಹನ್ನೆರಡು ಹೊಡೆದೋರಿಗೆ?"

"ಕೊನೇ ಒಂಬತ್ತನ್ನ ಚೆಂಡು ನೋಡಿ ಹೊಡೆದದ್ದಲ್ಲ. ಎಸೆಯೋರ ಭುಜ, ಮೊಣಕೈ ತಿರುಗೋದನ್ನ ಓರೆಗಣ್ಣಲ್ಲಿ ನೋಡಿ ಅಂದಾಜು ಮಾಡ್ತಿದ್ರು. ಆ ದಿನ ಮನೆಗೆ ಬಂದು ಅಂದ್ರು, ಈ ಹುಡುಗನ ಭುಜ ಏನೂ ಹೇಳಲ್ಲ ಒಟಿಲಿಯಾ, ಹತ್ತೊಂಬತ್ತು ವರ್ಷದಲ್ಲಿ ಇಂಥೋನು ಇವನೊಬ್ಬನೇ ಅಂತ."

ಮರದಡಿಯ ಗಂಡಸರು ಇತ್ತ ತಿರುಗಿದ್ದರು. ಎಲ್ಲರಿಗೂ ಕೇಳಿಸಿತ್ತು. ಕ್ರಿಸ್ಪಿನ್ ಟೋಪಿ ತೆಗೆದು, ಅದರೊಳಗೇ ನೋಡುತ್ತಾ ನಿಂತ.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ನೆರೆಯೊ.

"ಹೇಳಬೇಕಿತ್ತು. ನಾನಾದರೂ ಹೇಳಬೇಕಿತ್ತು."

ಅವನು ಗೇಟು ದಾಟಿ ಹೋದ.

*

ಮೈದಾನ ಕಾದು ಹೆಂಚಾಗಿತ್ತು. ಪೆಟ್ಟಿಗೆ ಇಳಿಸಿ ಮೇಲಿನ ಮುಚ್ಚಳ ತೆರೆದರು. ಗಾಜಿನಡಿ ಎಲಿಹಿಯೊನ ಮುಖ. ಒಟಿಲಿಯಾ ಬಿಸಿಲಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು. ಕ್ರಿಸ್ಪಿನ್ ಎರಡು ಸಲ ಗಡಿಯಾರ ನೋಡಿದ. ಮೂರನೆಯ ಸಲ ನೋಡುವಷ್ಟರಲ್ಲಿ ನೆರೆಯೊ ಬೇಲಿ ಸಂದಿಯಿಂದ ನುಸುಳಿ ಬಂದು, ಚೆಂಡಿಗಾಗಿ ಕೈ ಚಾಚಿದ.

ಪಿಚರ್ ನಿಲ್ಲುವ ದಿಬ್ಬವೇರಿ ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿ, ಮತ್ತೆ ಇಳಿಸಿ, ದಿಬ್ಬದಿಂದಿಳಿದು ಪೆಟ್ಟಿಗೆಯ ಕಡೆಗೆ ನಡೆದ.

"ಅಲ್ಲಿಂದಲೇ ಎಸಿ ಮಾರಾಯ" ಎಂದ ಕ್ರಿಸ್ಪಿನ್.

ನೆರೆಯೊ ನಿಲ್ಲಲಿಲ್ಲ. ಅರವತ್ತು ಅಡಿಯನ್ನೂ ನಡೆದು ಬಂದು, ಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿ, ಚೆಂಡನ್ನು ಗಾಜಿನ ಮೇಲೆ, ಮುಚ್ಚಿದ ಕಣ್ಣುಗಳ ನೇರಕ್ಕೆ ಹಿಡಿದ.

ಒಟಿಲಿಯಾ ಬಂದು ಅವನೆದುರು ಕುಳಿತಳು. ಅವನ ಮಣಿಕಟ್ಟು ಹಿಡಿದು, ಚೆಂಡನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು.

ನೆರೆಯೊ ಅದನ್ನು ಬೆರಳುಗಳಲ್ಲಿ ನಿಧಾನವಾಗಿ, ಕೆಂಪು ಹೊಲಿಗೆ ಒಂದೂ ತಪ್ಪದಂತೆ, ತಿರುಗಿಸತೊಡಗಿದ.