ಬೈರಣ್ಣನವರ ಭಾಗ

ನನ್ನ ಗಂಡ ನಂದಕುಮಾರ್ ಬಿಟ್ಟುಹೋದದ್ದು ಐದು ರೆಕಾರ್ಡಿಂಗ್. ಅವುಗಳಲ್ಲಿ ನಾಲ್ಕರ ಮೇಲೆ 'ವೈಬ್ರಾಫೋನ್: ನಂದಕುಮಾರ್. ಬೇಸ್: ಬೈರಣ್ಣ' ಎಂದು ಅಚ್ಚಾಗಿದೆ. ಬೈರಣ್ಣನವರು ಪದ್ಮನಾಭನಗರದ ನಮ್ಮ ಮನೆಯ ಓನರ್. ಬೇಸ್ ಎಂಬ ತಗ್ಗುಸ್ವರದ ತಂತಿವಾದ್ಯವನ್ನು ಅವರು ಕಣ್ಣಿಂದ ನೋಡಿದವರೂ ಅಲ್ಲ. ರೆಕಾರ್ಡಿಂಗಿನಲ್ಲಿ ಕೇಳುವುದು ಅವರ ಬೋರ್‌ವೆಲ್ ಮೋಟಾರು.

ವೈಬ್ರಾಫೋನ್ ಮಂಚದಷ್ಟು ಉದ್ದದ ವಾದ್ಯ. ಮೇಲೆ ಲೋಹದ ಪಟ್ಟಿಗಳು, ಕೆಳಗೆ ಸಾಲಾಗಿ ಕೊಳವೆಗಳು. ಕೊಳವೆಗಳ ಬಾಯಲ್ಲಿ ಪುಟ್ಟ ತಟ್ಟೆಗಳು ತಿರುಗುತ್ತವೆ. ಪಟ್ಟಿಗೆ ಕೋಲಿನಿಂದ ಹೊಡೆದಾಗ ನಾದ ಅಲೆ ಅಲೆಯಾಗಿ ಬರುವುದು ಅದರಿಂದ. ಅದನ್ನು ಮಹಡಿಗೆ ಹೊತ್ತು ತಂದ ದಿನ ಬೈರಣ್ಣನವರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಏನಪ್ಪಾ ನಂದ ಇದು, ಚಪಾತಿ ಮಾಡೋ ಮಿಷನ್ನಾ?"

"ಇಲ್ಲ ಬೈರಣ್ಣ. ಜಾಝ್ ನುಡಿಸೋದು."

"ವೈರ್ ನೇತಾಡ್ತಾ ಐತೆ?"

"ಒಳಗೊಂದು ಮೋಟಾರ್ ಇದೆ."

ಬೈರಣ್ಣನವರ ಮುಖ ಅರಳಿತು. "ಎಷ್ಟು ಎಚ್‌ಪಿ?"

ಈ ಬಡಾವಣೆ ಹಳ್ಳಿಯಾಗಿದ್ದಾಗ ಅವರದು ಇಲ್ಲಿ ರಾಗಿ ಹೊಲ. ಈಗ ಹೊಲ ಇದ್ದ ಕಡೆ ಮೂರು ಬಾಡಿಗೆ ಮನೆ, ಒಂದು ಟ್ಯೂಷನ್ ಸೆಂಟರ್. ಹೊಲದ ಕಾಲದಿಂದ ಉಳಿದದ್ದು ಬೋರ್‌ವೆಲ್ ಮಾತ್ರ. ಅದರ ಮೋಟಾರು ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು. ಅದು ಓಡುವಾಗ ಗೋಡೆ ಪೂರ್ತಿ ಗುಂಯ್‌ಗುಡುತ್ತಿತ್ತು. ಅಡುಗೆ ಮನೆಯ ಲೋಟಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತಿದ್ದವು.

ನಂದಕುಮಾರನನ್ನು ನಾನು ನಂದು ಎನ್ನುತ್ತಿದ್ದೆ. ಮೊದಲು ಅವನು ಹಾಸಿಗೆಯನ್ನು ಬಾಗಿಲಿಗೆ ಒರಗಿಸಿ ಸದ್ದು ತಡೆಯಲು ನೋಡಿದ. ಆಮೇಲೆ ಕಿವಿಗೊಟ್ಟ. ಆ ಮೋಟಾರು ಹಿಡಿಯುತ್ತಿದ್ದದ್ದು ಒಂದೇ ಸ್ವರ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಜೊತೆಗೆ ನುಡಿಸಲು ಬರುತ್ತಿದ್ದ ಹುಡುಗರು ಮದುವೆ ಆರ್ಕೆಸ್ಟ್ರಾ ಸಿಕ್ಕ ದಿನ ಕೈ ಕೊಡುತ್ತಿದ್ದರು, ಮೋಟಾರು ಕೈ ಕೊಡುತ್ತಿರಲಿಲ್ಲ. ನಂದು ಆ ಸ್ವರದ ಮೇಲೆ ತನಗೆ ಬೇಕಾದ್ದನ್ನು ಕಟ್ಟತೊಡಗಿದ. ಕಿಟಕಿಯಿಂದ ಬಗ್ಗಿ "ಬೈರಣ್ಣ, ಹಾಕಿ!" ಎನ್ನುತ್ತಿದ್ದ. ಬೈರಣ್ಣನವರು ಸ್ವಿಚ್ ಒತ್ತುತ್ತಿದ್ದರು. ಹೀಗೆ 'ಸಂಪು' ಎಂಬ ರೆಕಾರ್ಡಿಂಗ್ ಆಯಿತು, ಆಮೇಲೆ 'ವಾಲ್ವ್', ಇನ್ನೆರಡು.

ವರ್ಷ ಕಳೆಯುವುದರಲ್ಲಿ ಬೈರಣ್ಣನವರಿಗೂ ಅಭಿಪ್ರಾಯಗಳು ಬಂದವು.

"ಇವತ್ತು ಬ್ಯಾಡ ಕಣ್ ನಂದ. ವೋಲ್ಟೇಜ್ ಇಲ್ಲ, ನನ್ನದು ನಡುಗ್ತದೆ."

"ನಡುಗ್ಲಿ ಬೈರಣ್ಣ, ಚೆನ್ನಾಗಿರುತ್ತೆ."

"ನಿಂಗ್ ಚೆನ್ನಾಗಿರ್ತದೆ. ರೆಕಾರ್ಡ್ ಮ್ಯಾಲೆ ನನ್ನೆಸ್ರೂ ಐತಲ್ಲಪ್ಪ."

ಐದನೆಯದನ್ನು ನಂದು ಒಬ್ಬನೇ ನುಡಿಸಿದ. ಆ ದಿನ ಬೈರಣ್ಣನವರು ತಲಘಟ್ಟಪುರದ ತಮ್ಮ ಸೈಟಿಗೆ ಬೇಲಿ ಹಾಕಿಸಲು ಹೋಗಿದ್ದರು. ಸಂಜೆ ಗೇಟಿನಲ್ಲಿ ಸಿಕ್ಕಾಗ ನಂದು, "ನಿಮ್ಮ ಭಾಗ ಆಮೇಲೆ ಹಾಕೋಣ ಬೈರಣ್ಣ" ಎಂದ. ಮುಂದಿನ ವಾರ ಅವನಿಗೆ ಡೆಂಗಿ ಜ್ವರ ಬಂತು, ಪ್ಲೇಟ್‌ಲೆಟ್ ಇಳಿಯಿತು. ಅಷ್ಟೇ.

ಆ ಬೇಸಿಗೆಯಲ್ಲಿ ಬೋರ್‌ವೆಲ್ಲೂ ಬತ್ತಿತು. ಮನೆಗೆ ಕಾವೇರಿ ನೀರು ಬಂತು. ಮೋಟಾರಿನ ಮೇಲೆ ಮುನಿವೆಂಕಟಮ್ಮ ಆಂಟಿ, ಎಂದರೆ ಬೈರಣ್ಣನವರ ಹೆಂಡತಿ, ಈರುಳ್ಳಿ ಮೂಟೆ ಇಟ್ಟರು.

ಶಶಿಕಾಂತ್ ಬಂದದ್ದು ಈ ವರ್ಷ. ಅವರು ಜೆ.ಪಿ. ನಗರದ ಒಂದು ಕೋಣೆಯಿಂದ ಜಾಝ್ ರೆಕಾರ್ಡ್ ಕಂಪನಿ ನಡೆಸುತ್ತಾರೆ. ನಂದುವಿನ ನಾಲ್ಕನ್ನೂ ಹೊರತಂದವರು ಅವರೇ. ಬೈರಣ್ಣ ಎಂಬ ಬೇಸ್ ವಾದಕನ ಬಗ್ಗೆ ಅವರು ಮೂರು ಲೇಖನ ಬರೆದಿದ್ದರು. ಒಂದೇ ಸ್ವರದ ಮೇಲೆ ಇಷ್ಟು ಹೊತ್ತು ನಿಲ್ಲುವ ಧೈರ್ಯ ಇಂದಿನ ಯಾವ ಕಲಾವಿದನಿಗೂ ಇಲ್ಲ ಎಂದು ಅವುಗಳಲ್ಲಿತ್ತು. ಪರಿಚಯ ಮಾಡಿಸಿ ಎಂದು ಕೇಳಿದಾಗಲೆಲ್ಲ ನಂದು, "ಅವರು ಕಾಂಪೌಂಡ್ ಬಿಟ್ಟು ಹೊರಗೆ ಬರಲ್ಲ" ಎಂದಿದ್ದನಂತೆ. ಮೋಟಾರಿನ ಮಟ್ಟಿಗೆ ಅದು ನಿಜವೇ.

"ಐದನೆಯದು ರಿಲೀಸ್ ಮಾಡ್ಬೇಕು ಮೇಡಂ," ಎಂದರು ಶಶಿಕಾಂತ್. "ಬೇಸ್ ಇಲ್ಲ ಅದರಲ್ಲಿ. ಬೈರಣ್ಣ ಅವರನ್ನ ಕೇಳ್ತೀರಾ?"

ನಾನು ಅವರನ್ನು ಕೆಳಗೆ ಕರೆದುಕೊಂಡು ಹೋಗಿ ಈರುಳ್ಳಿ ಮೂಟೆ ಎತ್ತಿ ತೋರಿಸಿದೆ.

ಶಶಿಕಾಂತ್ ಬಹಳ ಹೊತ್ತು ಮೋಟಾರನ್ನು ನೋಡಿದರು. ಪಕ್ಕದಲ್ಲಿ ಬೈರಣ್ಣನವರು ಲುಂಗಿ ಎತ್ತಿ ಕಟ್ಟಿಕೊಂಡು ಹೆಮ್ಮೆಯಿಂದ ನಿಂತಿದ್ದರು.

"ಮೊದಲೇ ಹೇಳ್ಬೋದಿತ್ತು ಮೇಡಂ."

"ನೀವು ನನ್ನನ್ನ ಕೇಳಲಿಲ್ಲ."

ಅವರು ಸಿಟ್ಟಾಗಬಹುದು ಎಂದುಕೊಂಡೆ. ಅವರು ಆಗಲಿಲ್ಲ. ಇಷ್ಟು ಬರೆದ ಮೇಲೆ ಸಿಟ್ಟಾಗಲು ಜಾಗ ಉಳಿದಿರಲಿಲ್ಲವೇನೋ. "ಆದ್ರೂ ಒಂದು ಮಾತು," ಎಂದರು ಬೈರಣ್ಣನವರ ಕಡೆ ತಿರುಗಿ. "ಎಲ್ಲಿ ನಿಲ್ಲಿಸಬೇಕು ಅನ್ನೋದು ನಿಮಗೆ ಹೇಗೆ ಗೊತ್ತಾಗುತ್ತೆ ಸಾರ್?"

"ಟ್ಯಾಂಕ್ ತುಂಬಿದ ತಕ್ಷಣ."

ಶಶಿಕಾಂತ್ ಅದನ್ನು ಫೋನಿನಲ್ಲಿ ಬರೆದುಕೊಂಡರು.

ಕೆಲಸ ಸುಲಭ ಎಂದರು ಶಶಿಕಾಂತ್. ಹಳೆಯ ರೆಕಾರ್ಡಿಂಗಿನಿಂದ ಮೋಟಾರಿನ ಸದ್ದನ್ನು ಕತ್ತರಿಸಿ ಹೊಸದಕ್ಕೆ ಅಂಟಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಬೈರಣ್ಣನವರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕುರ್ಚಿಯಿಂದ ಎದ್ದರು.

"ನೆನ್ನೆ ಉಂಡಿದ್ದನ್ನ ತಂದು ಇವತ್ತಿನ ಎಲೆಗೆ ಬಡಿಸ್ತೀಯೇನಯ್ಯಾ? ನಾನೇನ್ ಸತ್ತೋಗಿದೀನಾ?"

"ಹಾಗಲ್ಲ ಸಾರ್..."

"ನಂದ ಗೇಟಲ್ಲಿ ನಿಂತ್ಕಂಡು ಏಳಿದ್ದ, ನಿಮ್ಮ ಭಾಗ ಆಮೇಲೆ ಹಾಕೋಣ ಅಂತ. ಹೂಂ ಅಂದಿದ್ದೆ. ಆವತ್ತು ಬೇಲಿ ಹಾಳಾಗೋಗ್ಲಿ ಅಂತ ಮನೇಲಿದ್ದಿದ್ರೆ ಮುಗಿದೋಗಿರೋದು. ಈಗ ಮೋಟಾರ್ ಓಡ್ಸಿ ಅದನ್ನ ಮಾಡದೆ ಬಿಟ್ರೆ ನಾಳೆ ಅಲ್ಲಿ ಸಿಕ್ಕಿದ್ರೆ ಯಾವ ಮುಖ ಇಟ್ಕಂಡು ಮಾತಾಡ್ಸ್ಲಿ?"

ಮುನಿವೆಂಕಟಮ್ಮ ಆಂಟಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಅವನು ಅಲ್ಲಿ ಬೇರೆ ಮೋಟಾರ್ ನೋಡ್ಕಂಡಿರ್ತಾನೆ ಬಿಡಿ."

"ಸುಮ್ನಿರೇ."

"ನೀರಿಲ್ದೆ ಓಡ್ಸಿದ್ರೆ ಸುಟ್ಟೋಗ್ತದೆ. ಆಮೇಲೆ ಗುಜರಿಯವನೂ ತಗಳಲ್ಲ."

ಆಂಟಿ ಹೇಳಿದ್ದು ಸರಿಯಾಗಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಂದು ಹೋದಾಗಿನಿಂದ ಯಾರು ಏನು ಕೇಳಿದರೂ ನಾನು ಆಗಲಿ ಎನ್ನುತ್ತಿದ್ದೆ. ಆಗಲಿ ಎಂದೆ.

ಬೈರಣ್ಣನವರು ಟ್ಯಾಂಕರ್ ತರಿಸಿದರು.

ಟ್ಯಾಂಕರ್ ತಲಘಟ್ಟಪುರದ ಕಡೆಯಿಂದ ಬಂತು. ಡ್ರೈವರ್ ಸಿದ್ದರಾಜು ಪೈಪ್ ಎಳೆದುಕೊಂಡು ಒಳಗೆ ಬಂದು ನೀರು ತುಂಬುವ ಸಂಪು ಎಲ್ಲಿ ಎಂದು ಕೇಳಿದ. ಬೈರಣ್ಣನವರು ಬೋರ್‌ವೆಲ್ಲಿನ ಬಾಯಿ ತೋರಿಸಿದರು.

"ಇದಕ್ಕಾ?"

"ಇದಕ್ಕೇ."

"ಯಜಮಾನ್ರೇ, ಇದು ಬೋರ್‌ವೆಲ್ಲು."

"ಗೊತ್ತು ಕಣಪ್ಪ, ನಾನೇ ಕೊರೆಸಿದ್ದು."

"ನಾನು ನೀರು ತಂದಿರೋದೇ ಬೋರ್‌ವೆಲ್ಲಿಂದ. ಒಂದರಿಂದ ತೆಗ್ದು ಇನ್ನೊಂದಕ್ಕೆ ಹುಯ್ಯೋದಾ?"

"ರೆಕಾರ್ಡಿಂಗ್ ಐತೆ," ಎಂದರು ಬೈರಣ್ಣನವರು. ಸಿದ್ದರಾಜು ಶಶಿಕಾಂತರ ಮೈಕು, ಲ್ಯಾಪ್‌ಟಾಪು ನೋಡಿದ. ಆಮೇಲೆ ನನ್ನನ್ನು ನೋಡಿದ. ಏನು ಅರ್ಥವಾಯಿತೋ, ಮತ್ತೇನೂ ಕೇಳದೆ ಪೈಪನ್ನು ತೂತಿಗೆ ಇಳಿಸಿದ.

ಆ ವಾರ ಕಾವೇರಿ ನೀರು ಸರಿಯಾಗಿ ಬಂದಿರಲಿಲ್ಲ. ಟ್ಯಾಂಕರ್ ನೀರನ್ನು ಯಾರೋ ನೆಲಕ್ಕೆ ಸುರಿಯುತ್ತಿದ್ದಾರೆ ಎಂಬ ಸುದ್ದಿ ಬೀದಿಗೆಲ್ಲ ಹರಡಿತು. ಬಿಂದಿಗೆ, ಡ್ರಮ್ಮು, ಪೇಂಟ್ ಡಬ್ಬ ಹಿಡಿದುಕೊಂಡು ಜನ ಗೇಟಿನ ಹೊರಗೆ ಸಾಲು ನಿಂತರು. ಟ್ಯೂಷನ್ ಸೆಂಟರಿನ ಮಕ್ಕಳು ಕಿಟಕಿಗೆ ಅಂಟಿಕೊಂಡರು. ಅವರ ಮೇಷ್ಟ್ರು ಗುರುಬಸಪ್ಪ ಹೊರಗೆ ಬಂದು, ಎಷ್ಟು ಹೊತ್ತು ಮಕ್ಕಳನ್ನು ಸುಮ್ಮನಿರಿಸಬೇಕು ಎಂದು ಶಶಿಕಾಂತರನ್ನು ಕೇಳಿದರು.

"ಹನ್ನೊಂದು ನಿಮಿಷ ಸಾರ್."

"ಆಗಲ್ಲ. ಐದು ಟ್ರೈ ಮಾಡ್ತೀನಿ."

ಗೇಟಿನಲ್ಲಿ ಒಬ್ಬಾಕೆ ಕೂಗಿದರು. "ಏನ್ ಬೈರಣ್ಣ, ತಲೆ ಕೆಟ್ಟೈತಾ? ನಮ್ ಮನೇಲಿ ಮುಖ ತೊಳ್ಕೊಳ್ಳೋಕೆ ನೀರಿಲ್ಲ!"

"ಎಲ್ಲಾ ಮೇಲಕ್ಕೆ ಬತ್ತದೆ ಇರಮ್ಮ. ಬಂದ್ಮೇಲೆ ಇಡ್ಕೋ."

ಬೈರಣ್ಣನವರು ಒಂದು ಚೊಂಬು ನೀರು ತಂದು ಮೋಟಾರಿನ ಮೇಲಿನ ತಿರುಪು ಬಿಚ್ಚಿ ಹುಯ್ದರು. ಹಾಗೆ ಕುಡಿಸದಿದ್ದರೆ ಅದು ಗಾಳಿ ಹಿಡಿದು ನೀರೆಳೆಯುವುದಿಲ್ಲ. ಕುಡಿಸುವಾಗ ಅದರ ಬೆನ್ನು ಸವರಿದರು. ನಂದುವಿನ ನುಡಿಕೆ ಕೇಳುತ್ತಾ ಅದರ ಜೊತೆಗೆ ಸರಿಯಾಗಿ ಸ್ವಿಚ್ ಹಾಕಬೇಕಲ್ಲ. ಶಶಿಕಾಂತ್ ಅವರ ಕಿವಿಗೆ ಹೆಡ್‌ಫೋನ್ ತೊಡಿಸಿದರು. ಇಷ್ಟು ವರ್ಷ ಬೈರಣ್ಣನವರು ನಂದುವನ್ನು ಕೇಳಿದ್ದು ತಾರಸಿ ಮೂಲಕ, ಅದೂ ತಮ್ಮದೇ ಮೋಟಾರಿನ ಗದ್ದಲದಲ್ಲಿ.

"ನಾನು ಕೈ ಎತ್ತಿದಾಗ ಹಾಕಿ ಸಾರ್," ಎಂದರು ಶಶಿಕಾಂತ್.

ಗುರುಬಸಪ್ಪನವರು ಮಕ್ಕಳಿಗೆ ಬೆರಳು ತೋರಿಸಿದರು. ಬೀದಿ ಸುಮ್ಮನಾಯಿತು. ನೀರು ಭೂಮಿಯೊಳಗೆ ಬೀಳುವ ಸದ್ದು ಮಾತ್ರ ಇತ್ತು.

ಶಶಿಕಾಂತ್ ಲ್ಯಾಪ್‌ಟಾಪಿನಲ್ಲಿ ನಂದುವಿನ ನುಡಿಕೆ ಶುರು ಮಾಡಿ ಕೈ ಎತ್ತಿದರು.

ಬೈರಣ್ಣನವರ ಬೆರಳು ಸ್ವಿಚ್ಚಿನ ಮೇಲಿತ್ತು. ಅವರು ಒತ್ತಲಿಲ್ಲ. ಶಶಿಕಾಂತ್ ಇನ್ನೊಂದು ಕೈಯನ್ನೂ ಎತ್ತಿದರು.

"ಹಾಕಿ ಸಾರ್," ಎಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಹಾಕಿ!"

"ಹಾಕ್ರಿ!" ಎಂದರು ಆಂಟಿ. "ಬೈರಣ್ಣ, ಹಾಕು!" ಎಂದಿತು ಸಾಲು. ಮಕ್ಕಳು ಮೇಜು ಬಡಿದು ಕೂಗತೊಡಗಿದರು. ಸಿದ್ದರಾಜು ಪೈಪ್ ಹಿಡಿದುಕೊಂಡೇ, "ಯಜಮಾನ್ರೇ, ಅರ್ಧ ಟ್ಯಾಂಕರ್ ಹೋಯ್ತು!" ಎಂದ. ಬೈರಣ್ಣನವರಿಗೆ ಇದಾವುದೂ ಕೇಳುತ್ತಿರಲಿಲ್ಲ. ಅವರು ಗೂಡಿನ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ನಡುವೆ ಒಮ್ಮೆ ಅವರಿಗೆ ನಗು ಬಂತು. ಆಮೇಲೆ ಹುಬ್ಬು ಗಂಟಿಕ್ಕಿ ಏನೋ ಬೈದರು. ನುಡಿಕೆ ಪೂರ್ತಿ ಮುಗಿಯುವವರೆಗೆ ಬೆರಳು ಸ್ವಿಚ್ಚಿನ ಮೇಲೇ ಇತ್ತು.

ಮುಗಿದ ಮೇಲೆ ಹೆಡ್‌ಫೋನ್ ತೆಗೆದರು.

"ಬ್ಯಾಡ," ಎಂದರು.

"ಏನು ಬೇಡ ಸಾರ್?" ಶಶಿಕಾಂತರ ಅಂಗಿ ಒದ್ದೆಯಾಗಿತ್ತು.

"ನನ್ನ ಭಾಗ ಅದರಲ್ಲಿ ಆಗಲೇ ಐತೆ. ಅವನೇ ನುಡಿಸ್ಬುಟ್ಟವನೆ. ಕೆಳಗಡೆ ಒಂದೇ ಸ್ವರ ಬಿಡ್ದಂಗೆ ಒಡೀತಾ ಅವ್ನೆ ನೋಡು, ಮೊದಲಿಂದ ಕೊನೇಗಂಟ. ಅದು ನಾನು."

"ಅದು ಎಡಗೈ ಸಾರ್. ವೈಬ್ರಾಫೋನ್ ನುಡಿಸೋರು ಎಲ್ಲರೂ ಹಾಗೆ ಒಂದು ಸ್ವರ ಹಿಡಿದುಕೊಳ್ತಾರೆ."

"ಎಲ್ಲರೂ ಇಡೀತಾರೆ. ವೋಲ್ಟೇಜ್ ಇಳಿದಾಗ ನಡುಗ್ತದಲ್ಲ, ಅದನ್ನೂ ಮಾಡವ್ನೆ. ಕಳ್ಳ. ಎದುರಿಗೆ ಚೆನ್ನಾಗಿರುತ್ತೆ ಅಂತಿದ್ದ, ನಾನಿಲ್ದಾಗ ಆಡ್ಕಂಡವ್ನೆ."

ಶಶಿಕಾಂತ್ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದರು. ಅಂಥದ್ದೇನೂ ಇಲ್ಲ ಎಂದರು. ಬೈರಣ್ಣನವರು ಇದೆ ಎಂದರು. ಇಬ್ಬರಲ್ಲಿ ಯಾರು ಸರಿ ಎಂದು ನನಗೆ ಗೊತ್ತಿಲ್ಲ.

"ಹಾಗಾದ್ರೆ ಹೆಸರು ಹೇಗೆ ಹಾಕೋದು?" ಎಂದರು ಶಶಿಕಾಂತ್. "ಬೇಸ್ ಇಲ್ಲ ಅಂತ ಹಾಕ್ಲಾ?"

"ಇಲ್ಲ ಅಂತ ಎಂಗಾಕ್ತೀಯ? ಐತಲ್ಲ. ವೈಬ್ರಾಫೋನ್: ನಂದಕುಮಾರ್ ಅಂತ ಹಾಕು. ಕೆಳಗೆ ಬೈರಣ್ಣ: ನಂದಕುಮಾರ್ ಅಂತ ಹಾಕು."

"ಬೈರಣ್ಣ ಅನ್ನೋದು ವಾದ್ಯ ಅಲ್ಲ ಸಾರ್!"

"ಮತ್ತೆ ಆ ಮೂರು ಲೇಖನ ಯಾರ ಮ್ಯಾಲೆ ಬರೆದೆಯಪ್ಪ?"

ಗೇಟಿನ ಹೊರಗೆ ಯಾರೋ ನಕ್ಕರು. ಶಶಿಕಾಂತ್ ನನ್ನ ಕಡೆ ತಿರುಗಿದರು. "ಮೇಡಂ, ನೀವೇ ಹೇಳಿ."

ಆಗಲಿ ಎನ್ನಲು ಬಾಯಿ ತೆರೆದೆ. "ಹಾಗೇ ಹಾಕಿ," ಎಂದೆ. "ಎರಡೂ ಕಡೆ ಅವನ ಹೆಸರು ಪೂರ್ತಿ ಹಾಕಿ. ಇನಿಷಿಯಲ್ ಸಮೇತ."

ಬೈರಣ್ಣನವರು ನನ್ನ ಹತ್ತಿರ ಬಂದು ಹೆಡ್‌ಫೋನ್ ಚಾಚಿದರು. ಒಳಗೆ ಅದು ಇನ್ನೊಮ್ಮೆ ಮೊದಲಿಂದ ಓಡುತ್ತಿತ್ತು. ದೂರದಲ್ಲಿ ಯಾರೋ ಲೋಟ ತೊಳೆದಂತೆ ಕೇಳುತ್ತಿತ್ತು.

"ಕೇಳು ಅರ್ಪಿತಾ. ಕೆಳಗಡೆ ಒಂದೇ ಸ್ವರ, ಗೊತ್ತಾಯ್ತದೆ."

"ಆಮೇಲೆ ಕೇಳ್ತೀನಿ ಅಂಕಲ್."

ಅವರು "ಆಯ್ತು" ಎಂದು ಅದನ್ನು ತಾವೇ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು.

ಸಿದ್ದರಾಜು ಪೈಪನ್ನು ಬೋರ್‌ವೆಲ್ಲಿನಿಂದ ಎಳೆದು ಗೇಟಿನ ಕಡೆ ತಿರುಗಿಸಿದ. ಸಾಲು ಮುರಿಯಿತು. ಎಲ್ಲರೂ ಒಟ್ಟಿಗೆ ಬಿಂದಿಗೆ ಚಾಚಿದರು.

"ಅರ್ಪಿತಾ, ನಿಂತ್ಕೊಂಡ್ ನೋಡ್ತೀಯಲ್ಲೇ," ಎಂದು ಕೂಗಿದರು ಮುನಿವೆಂಕಟಮ್ಮ ಆಂಟಿ, ಎರಡು ಕೈಯಲ್ಲೂ ಬಕೆಟ್ ಹಿಡಿದು. "ಓಡಿ ಬಾ, ನಿಮ್ಮನೆ ಡ್ರಮ್ ತಗೊಂಡು ಬಾ!"

ನಾನು ಡ್ರಮ್ ತರಲು ಮೇಲೆ ಓಡಿದೆ. ಬೈರಣ್ಣನವರು ಕಣ್ಣು ಮುಚ್ಚಿಕೊಂಡೇ ಕಾಲು ಮಡಚಿ ನನಗೆ ದಾರಿ ಬಿಟ್ಟರು.