ಹಗಲಿನ ಸೀರೆ

ದೇವಿರಮ್ಮ ಸೀರೆಯನ್ನು ಜಗಲಿಯ ಮೇಲೆ ಬಿಚ್ಚಿದವಳು, ಬೀದಿಯಲ್ಲಿ ಚಪ್ಪಲಿಯ ಸದ್ದು ಕೇಳಿ ಮತ್ತೆ ಮಡಿಸಿ ಮಡಿಲಿಗೆ ಹಾಕಿಕೊಂಡಳು. ಬಂದವನು ನಿಂಗಯ್ಯ. ಅವಳ ಗಂಡನ ಅಣ್ಣ, ಕೊಪ್ಪದ ಒಕ್ಕಲಿಗರ ಯಜಮಾನ. ಅವನು ಕಂಬಕ್ಕೆ ಒರಗಿ ಕೂತ. ಬಾಗಿಲ ಬಳಿ ನಿಂತಿದ್ದ ಪಂಕಜಳ ಕಡೆ ನೋಡದೆ ದೇವಿರಮ್ಮನಿಗೆ ಹೇಳಿದ:

"ಸೀರೆ ಒಳಗಿಡು. ದೀಪ ಅಚ್ಚೋ ಒತ್ತು ದಾಟ್ಲಿ, ಇತ್ತಲಲ್ಲಿ ಮಾಡುಮ. ಈಗ್ಲೇ ಊರ್ಗೆಲ್ಲ ಯಾಕೆ ತೋರುಸ್ತೀಯೆ?"

ದೇವಿರಮ್ಮ ಸೀರೆಯನ್ನು ಮಡಿಲಲ್ಲೇ ಒತ್ತಿ ಹಿಡಿದಳು. ಮೆಟ್ಟಿಲ ಮೇಲೆ ಕೂತಿದ್ದ ಅವಳ ಮಗ ಶಿವಣ್ಣ ಕೇಳಿಸದವನಂತಿದ್ದ. ಅವನು ಕಡ್ಡಿಯೊಂದರಿಂದ ಕಾಲಿನ ಕೆಸರು ಕೆರೆಯುತ್ತಿದ್ದ.

ಪಂಕಜ ಆ ಬೆಳಿಗ್ಗೆ ಮದ್ದೂರಿನಿಂದ ಬಸ್ಸಿನಲ್ಲಿ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಬಂದಿಳಿದಿದ್ದಳು. ಅವಳ ತಂದೆ ವೆಂಕಟರಾಮಯ್ಯ ಮದ್ದೂರಿನ ಕಚೇರಿಯಲ್ಲಿ ಗುಮಾಸ್ತರು. ಹದಿನೈದಕ್ಕೆ ಅವಳ ಗಂಡ ಸತ್ತಾಗ ಅಗ್ರಹಾರವೇ ಎದುರು ನಿಂತರೂ ಅವರು ಮಗಳ ಕೂದಲಿಗೆ ಕತ್ತಿ ತಾಗಿಸಲು ಬಿಡಲಿಲ್ಲ. ಮೈಸೂರಿಗೆ ಕಳಿಸಿ ಬಿ.ಎ. ಓದಿಸಿದರು. ಓದಿ ಬಂದ ಮೇಲೆ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಅವರ ಗದ್ದೆಗೆ ನಾಲೆಯ ನೀರು ಬಂದಾಗ, ಕಬ್ಬು ನೆಡುವುದನ್ನು ತೋರಿಸಿಕೊಡಲು ಮಂಡ್ಯದ ಕೃಷಿ ಫಾರಂನಿಂದ ಶಿವಣ್ಣ ಬಂದ. ಫಾರಂನವರು ಕೊಟ್ಟಿದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಇವನಿಗೆ ಸ್ವಲ್ಪ ಓದಿ ಹೇಳಮ್ಮ ಎಂದು ಮಗಳನ್ನು ಕರೆದವರು ವೆಂಕಟರಾಮಯ್ಯನವರೇ. ಅವನು ಜಗಲಿಯಲ್ಲಿ, ಅವಳು ಹೊಸಿಲ ಒಳಗೆ. ಕಬ್ಬು ಎರಡು ಸಲ ಕಟಾವಿಗೆ ಬಂತು. ಪುಸ್ತಕಗಳು ಮೊದಲ ವರ್ಷವೇ ಮುಗಿದಿದ್ದವು.

ಅವನ ಕುಲದಲ್ಲಿ ಗಂಡ ಸತ್ತ ಹೆಂಗಸು ಇನ್ನೊಬ್ಬನ ಕೈ ಹಿಡಿಯಬಹುದು. ಓಲಗವಿಲ್ಲ, ಧಾರೆಯಿಲ್ಲ. ಗಂಡು ಒಂದು ಸೀರೆ ಕೊಡುತ್ತಾನೆ, ಹೆಣ್ಣು ಉಡುತ್ತಾಳೆ, ಅಷ್ಟೆ. ಅದಕ್ಕೆ ಸೀರುಡಿಕೆ ಎನ್ನುತ್ತಾರೆ. ಕತ್ತಲಾದ ಮೇಲೆ ಮಾಡಬೇಕು, ಮುತ್ತೈದೆಯರು ಆ ಕಡೆ ಸುಳಿಯಬಾರದು. ಸೀರುಡಿಕೆಯಾದವಳು ಸಾಯುವ ತನಕ ಮದುವೆ ಮನೆಯಲ್ಲಿ ಆರತಿ ತಟ್ಟೆ ಮುಟ್ಟುವಂತಿಲ್ಲ. ದೇವಿರಮ್ಮ ಮೂವತ್ತು ವರ್ಷದಿಂದ ಊರಿನ ಮದುವೆಗಳಲ್ಲಿ ಹಿತ್ತಲ ಒಲೆಯ ಮುಂದೆ ಕೂತು ಬಂದವಳು. ಪಂಕಜಳ ಕುಲದಲ್ಲಿ ಅಷ್ಟೂ ಇರಲಿಲ್ಲ.

ನಿಂಗಯ್ಯ ಕೆಟ್ಟವನಲ್ಲ. ಮೂರು ದಿನ ಕುಲಸ್ಥರ ಕಾಲು ಹಿಡಿದು ಒಂದು ಒಪ್ಪಂದ ತಂದಿದ್ದ. ಊರಿಗೆ ಹೇಳುವುದು ಹೀಗೆ: ಹುಡುಗಿ ಮಳವಳ್ಳಿ ಕಡೆಯ ಗೌಡರ ಮಗಳು, ಅಪ್ಪ ಅಮ್ಮ ಇಲ್ಲ. ಹೆಸರು ಸಣ್ಣತಾಯಮ್ಮ. ಕನ್ನಡಕ ಪೆಟ್ಟಿಗೆಯಲ್ಲಿರಲಿ. ನಮ್ಮ ಮಾತು ನಾಲಿಗೆಗೆ ಹತ್ತುವ ತನಕ, ಒಂದು ವರ್ಷ, ಬಾಯಿ ತೆಗೆಯದಿದ್ದರೆ ಆಯಿತು.

"ಅಂದರೆ ನಾನು ಮೂಗಿಯೇ?" ಎಂದಳು ಪಂಕಜ.

"ಒಂದೊರ್ಸ ಮೂಗಿಯಾದ್ರೆ ಏನವ್ವ? ನಮ್ಮೆಂಗಸ್ರು ಒಂದ್ ದಿನ ಆಯ್ತೀವಿ ಅಂದ್ರೆ ನಾವು ದ್ಯಾವ್ರಿಗೆ ಅರಕೆ ಒತ್ಕತೀವಿ."

ಅವಳು ಶಿವಣ್ಣನ ಕಡೆ ನೋಡಿದಳು. ನಾಲೆಯ ಏರಿಯ ಮೇಲೆ, ನಾನು ಯಾರಿಗೂ ಅಂಜುವವನಲ್ಲ ಎಂದು ಎಷ್ಟೋ ಸಲ ಹೇಳಿದವನು ಅವನು. ಈಗ ತಲೆ ಎತ್ತದೆ, "ಒಂದು ಗಳಿಗೆ ಕಣ್ಮುಚ್ಕಂಡ್ರೆ ಮುಗ್ದೋಯ್ತದೆ ಅಮ್ಮಾವ್ರೆ" ಎಂದ. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹದಿನೈದರಲ್ಲಿ ಬಳೆ ಒಡೆದ ದಿನವೂ ಹೀಗೇ ಇತ್ತು. ಕೈ ತನ್ನದಲ್ಲ ಅನ್ನಿಸಿತ್ತು.

ಅಷ್ಟರಲ್ಲಿ ಬೀದಿಯ ಕೊನೆಯ ಹೊಂಗೆಮರದ ಕೆಳಗೆ ಕಮಾನು ಗಾಡಿ ನಿಂತಿತು. ವೆಂಕಟರಾಮಯ್ಯ ಇಳಿದು, ನೆರಳಿನಲ್ಲೇ ಇದ್ದರೂ ಕೊಡೆ ಬಿಚ್ಚಿದರು. ಎದುರಿನ ಬಾವಿಯ ಹೆಂಗಸರು ನೀರು ಸೇದುವುದನ್ನು ಬಿಟ್ಟು ನಿಂತರು. ಅವರು ಜಗಲಿಗೆ ಬರುವವರಲ್ಲ. ಪಂಕಜಳೇ ಹೋದಳು. ತಂದೆಯನ್ನು ಅಣ್ಣ ಎಂದು ಕರೆಯುವ ಮನೆ ಅವಳದು.

ಅವರು ಬೈಯಲಿಲ್ಲ. ಮೈಸೂರಿಗೆ ಗೆಳತಿಯ ಮನೆಗೆ ಹೋಗಿದ್ದಾಳೆಂದು ಮನೆಯಲ್ಲಿ ಹೇಳಿರುವುದಾಗಿಯೂ, ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದೂ ಹೇಳಿದರು. ದಾರಿಯ ಛತ್ರದಲ್ಲಿ ಸಂಜೆಯವರೆಗೆ ಕೂತಿದ್ದು, ಕತ್ತಲಾದ ಮೇಲೆ ಮದ್ದೂರಿಗೆ ಹೋಗಬಹುದು. ಬೀದಿಯವರು ನೋಡುವುದಿಲ್ಲ.

ಪಂಕಜಳಿಗೆ ನಗು ಬಂತು. "ಇವರೂ ಕತ್ತಲಾಗಲಿ ಅಂತಲೇ ಕೂತಿದಾರೆ ಅಣ್ಣ."

ವೆಂಕಟರಾಮಯ್ಯ ಕೊಡೆಯನ್ನು ಇನ್ನಷ್ಟು ತಗ್ಗಿಸಿ ಹಿಡಿದರು. "ನಿನ್ನ ತಲೆಗೆ ಕತ್ತಿ ಮುಟ್ಟಿಸಲಿಲ್ಲ ನಾನು. ಜಾತಿಯವರೆಲ್ಲ ಉಗಿದರು. ಇದಕ್ಕೇನೆ?"

"ಹೌದು ಅಣ್ಣ. ಇದಕ್ಕೇ."

ಅವಳು ಹಿಂದಿರುಗಿ ಬಂದು, ಮೆಟ್ಟಿಲ ಬಳಿಯಿದ್ದ ಪೆಟ್ಟಿಗೆ ತೆರೆದು ಕನ್ನಡಕ ಹಾಕಿಕೊಂಡಳು. ಜಗಲಿ ಹತ್ತಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಬಿಳಿ ಸೀರೆಯಲ್ಲಿ ಅಂಗಳದ ನಡುವೆ ನಿಂತಳು.

"ಸೀರೆ ಕೊಡುವುದಾದರೆ ಈಗ ಕೊಡಿ. ಇಲ್ಲವಾದರೆ ಮೂರು ಗಂಟೆಯ ಬಸ್ಸಿಗೆ ಹೋಗ್ತೀನಿ. ಗಾಡಿಯಲ್ಲಲ್ಲ, ಬಸ್ಸಿನಲ್ಲಿ."

ಆಮೇಲೆ ಬಾವಿಯ ಕಡೆ ತಿರುಗಿ, ತರಗತಿಯ ಕೊನೆಯ ಸಾಲಿಗೆ ಕೇಳಿಸುವ ದನಿಯಲ್ಲಿ ಹೇಳಿದಳು: "ನಾನು ಪಂಕಜ. ಮದ್ದೂರಿನ ವೆಂಕಟರಾಮಯ್ಯನವರ ಮಗಳು. ಬ್ರಾಹ್ಮಣರು. ಗಂಡ ಸತ್ತು ಒಂಬತ್ತು ವರ್ಷ ಆಯ್ತು."

ಬಾವಿಕಟ್ಟೆಯ ಮೇಲಿದ್ದ ಚಿಕ್ಕಮಾದಮ್ಮ ಎಂಬ ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಆರುವರ ಮಗ್ಳೆ, ಮುದ್ದೆ ನುಂಗ್ತೀಯೇನವ್ವ?" ಎಂದಳು.

"ಬೆಳಿಗ್ಗೆ ಒಂದು ನುಂಗಿದೆ. ಇನ್ನೊಂದು ಕೇಳೋಕೆ ನಾಚಿಕೆ ಆಯ್ತು."

ಯಾರೋ ಕಿಸಕ್ಕನೆ ನಕ್ಕರು. ನಿಂಗಯ್ಯ ನಗಲಿಲ್ಲ. ಎದ್ದು ನಿಂತು, ಶಿವಣ್ಣನ ಕಡೆ ಬೆರಳು ಮಾಡಿ ಹೇಳಿದ: "ಅಗಲೊತ್ತು ಸೀರೆ ಕೊಟ್ಟಿದ್ದು ನಮ್ ಕುಲ್ದಲ್ಲೇ ಇಲ್ಲ. ಕೊಟ್ರೆ ನಿಮ್ಮನೇಗೆ ನೀರು ಬೆಂಕಿ ನಿಂತೋಯ್ತದೆ ಕಣ್ಲಾ. ನಾನ್ ನಿಲ್ಸದಲ್ಲ, ಕುಲಸ್ತ್ರು ನಿಲ್ಸ್ತಾರೆ."

ಶಿವಣ್ಣ ದೊಡ್ಡಪ್ಪನನ್ನು ನೋಡಿದ. ಹೊಂಗೆಮರದ ಕೆಳಗಿನ ಕೊಡೆಯನ್ನು ನೋಡಿದ. ಏಳಲಿಲ್ಲ. ಪಂಕಜ ಕಾದಳು. ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ಪೆಟ್ಟಿಗೆ ಎಲ್ಲಿದೆ ಎಂದು ಒಮ್ಮೆ ತಿರುಗಿ ನೋಡಿದಳು.

ಆಗ ದೇವಿರಮ್ಮ ಮಾತಾಡಿದಳು. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು.

"ನನ್ ಸೀರೆ ಬಣ್ಣ ಯಾವ್ದು ಅಂತ ನಂಗೆ ಬೆಳಗಾದ್ಮೇಲೆ ಗೊತ್ತಾಗಿದ್ದು ಬಾವ. ದನಿನ ಕೊಟ್ಗೇಲಿ ಉಡ್ಸುದ್ರಿ. ಕತ್ಲೇಲಿ ಒಳ್ಗುದ್ ಹೊರ್ಗ್ ಮಾಡಿ ಉಟ್ಟಿದ್ದೆ. ಇವ್ನಪ್ಪ ಬೆಳಿಗ್ಗೆ ನೋಡಿ ನಕ್ಕ. ನಾನೂ ನಕ್ಕೆ. ಆಮೇಲೆ ಕೊಟ್ಗೇಗೋಗಿ ಅತ್ತೆ."

ಅವಳು ಮಡಿಲಿನ ಸೀರೆಯನ್ನು ಮಗನ ಎರಡೂ ಕೈಗಳ ಮೇಲಿಟ್ಟಳು.

"ಏಳ್ಲಾ."

ಮೆಟ್ಟಿಲಿನಿಂದ ಅಂಗಳದ ನಡುವಿಗೆ ಹತ್ತು ಹೆಜ್ಜೆ. ಶಿವಣ್ಣ ಅವನ್ನು ಗದ್ದೆಯ ಬದುವಿನ ಮೇಲೆ ನಡೆಯುವವನ ಹಾಗೆ ಕಾಲು ನೋಡುತ್ತ ನಡೆದ. ಅವಳ ಮುಂದೆ ನಿಂತು, "ತಕಳಿ" ಎಂದ. ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಗಟ್ಟಿಯಾಗಿ" ಎಂದಳು.

ಅವನು ಈಗ ತಲೆ ಎತ್ತಿದ. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಸೀರೆ ತಕೋ, ಪಂಕಜಾ" ಎಂದ. ಬಾವಿಯವರೆಗೂ ಕೇಳಿಸಿತು, ಹೊಂಗೆಮರದವರೆಗೂ.

ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು. ಪಂಕಜ ಬಿಳಿ ಸೀರೆಯ ಮೇಲೆಯೇ ಅದನ್ನು ಹೆಗಲು ತುಂಬ ಹೊದ್ದುಕೊಂಡಳು. ನಿಂಗಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ದೂರದಲ್ಲಿ ಗಾಡಿಯವನು, "ಹೂಡ್ಲಾ ಬುದ್ಧಿ?" ಎಂದು ಎರಡು ಸಲ ಕೇಳಿದ. ವೆಂಕಟರಾಮಯ್ಯ ಅಂಗಳದ ಕಡೆಯೇ ನೋಡುತ್ತಿದ್ದರು. ಅವರ ಕೊಡೆ ಮಡಿಚಿಕೊಂಡಿತ್ತು.

ದೇವಿರಮ್ಮ ಒಳಗೆ ಹೋದಳು. ಪಾತ್ರೆಗಳನ್ನು ಸರಿಸಿದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಹಿತ್ತಾಳೆಯ ಆರತಿ ತಟ್ಟೆ, ಅದರಲ್ಲಿ ಹಚ್ಚಿದ ದೀಪ. ಬಾವಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ಯಾರನ್ನೂ ನೋಡದೆ, ಗಾಳಿಯಿಲ್ಲದಿದ್ದರೂ ಒಂದು ಕೈ ಅಡ್ಡ ಹಿಡಿದು ಮೆಟ್ಟಿಲಿಳಿದಳು.

ತಟ್ಟೆ ಪಂಕಜಳ ಮುಖದ ಹತ್ತಿರ ಬಂತು. ಆ ಬಿಸಿಲಿನಲ್ಲಿ ಉರಿ ಕಾಣಲಿಲ್ಲ. ಬಿಸಿ ಮಾತ್ರ ಕೆನ್ನೆಗೆ ತಗುಲಿತು.